ಚಳಿಗೆ ಮಂಡಿ, ಬೆರಳು ಹಿಡಿದುಕೊಳ್ಳುತ್ತವೆ: ಶಾಖ ಯಾವಾಗ, ವ್ಯಾಯಾಮ ಯಾವಾಗ?

ಪ್ರಶ್ನೆ (ಚಳಿಗಾಲ_64)

ಅಮ್ಮನಿಗೆ 64 ವರ್ಷ. ಎರಡೂ ಮಂಡಿಯಲ್ಲಿ ಸವೆತ, ಅಂದರೆ ಆಸ್ಟಿಯೋಆರ್ಥ್ರೈಟಿಸ್ ಇದೆ ಎಂದು ವೈದ್ಯರು ಎಕ್ಸ್‌ರೇ ನೋಡಿ ಹೇಳಿದ್ದಾರೆ. ಎಡ ಮಂಡಿ ಹೆಚ್ಚು ತೊಂದರೆ ಕೊಡುತ್ತದೆ. ಚಳಿ ಶುರುವಾದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಮಂಡಿ ಮಡಚಲು ಆಗುವುದಿಲ್ಲ. ಹತ್ತು ಹದಿನೈದು ನಿಮಿಷ ಗೋಡೆ ಹಿಡಿದೇ ನಡೆಯುತ್ತಾರೆ. ಬೆರಳ ತುದಿಯ ಗಿಣ್ಣುಗಳೂ ಬಿಗಿ, ಡಬ್ಬಿಯ ಮುಚ್ಚಳ ತಿರುಗಿಸಲಾಗದು. ರಾತ್ರಿ ಡೈಕ್ಲೋಫೆನಾಕ್ ಜೆಲ್ ಹಚ್ಚಿ, ಅದರ ಮೇಲೆ ಹಾಟ್ ವಾಟರ್ ಬ್ಯಾಗ್ ಇಟ್ಟುಕೊಂಡು, ಮಂಡಿಯ ಕೆಳಗೆ ದಿಂಬು ಹಾಕಿ ಮಲಗುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ನೋವಿಗೆ ಹೆದರಿ ನಡೆಯುವುದನ್ನೇ ಬಿಟ್ಟಿದ್ದಾರೆ. ಚಳಿಯಿಂದ ಸವೆತ ಹೆಚ್ಚಾಗುತ್ತಿದೆಯೇ? ಶಾಖ ಎಷ್ಟು ಹೊತ್ತು ಕೊಡಬೇಕು? ನಡೆಸಬೇಕೋ, ಕೂರಿಸಬೇಕೋ?

ಉತ್ತರ (ಕೀಲುಚಲನೆ)

ಮೊದಲು ಇವತ್ತು ರಾತ್ರಿಯಿಂದಲೇ ನಿಲ್ಲಿಸಬೇಕಾದ ಎರಡು ವಿಷಯ.

ಜೆಲ್ ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ಔಷಧಿ ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಹೋಗಬಹುದು, ಚರ್ಮವೂ ಕೆರಳುತ್ತದೆ. ಬ್ಯಾಗ್ ಇಟ್ಟುಕೊಂಡು ನಿದ್ದೆ ಮಾಡುವುದಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲಿನ ಸ್ಪರ್ಶ ಮಂದವಾಗಿರಬಹುದು. ಸುಡುತ್ತಿರುವುದು ಗೊತ್ತಾಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಆ ಗಾಯ ಮಾಯುವುದೂ ನಿಧಾನ.

ಎರಡನೆಯದು ಮಂಡಿಯ ಕೆಳಗಿನ ದಿಂಬು. ಮಲಗಿದಾಗ ಹಾಯೆನಿಸುತ್ತದೆ, ನಿಜ. ಆದರೆ ರಾತ್ರಿಯಿಡೀ ಮಂಡಿ ಮಡಚಿಯೇ ಇದ್ದರೆ ಹಿಂಭಾಗದ ಸ್ನಾಯುಗಳು ಗಿಡ್ಡವಾಗುತ್ತಾ ಬರುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಕಾಲು ಪೂರ್ತಿ ನೇರವಾಗುವುದೇ ಇಲ್ಲ. ಮಗ್ಗುಲಾಗಿ ಮಲಗುವುದಾದರೆ ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಲಿ, ಅದು ಒಳ್ಳೆಯದು.

ಚಳಿಯಿಂದ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಗಳ ತುದಿಗಿರುವ ನುಣುಪಾದ ಹೊದಿಕೆ, ಸವೆಯುವುದಿಲ್ಲ. ಕೀಲಿನೊಳಗಿನ ದ್ರವ ತಂಪಿನಲ್ಲಿ, ಅದರಲ್ಲೂ ಅಲುಗಾಡದೆ ಇದ್ದಾಗ, ಮಂದವಾಗುತ್ತದೆ. ಸುತ್ತಲಿನ ಸ್ನಾಯುಗಳು ಚಳಿಗೆ ಬಿಗಿಯಾಗುತ್ತವೆ, ಕೈಕಾಲಿಗೆ ರಕ್ತ ಕಡಿಮೆ ಹರಿಯುತ್ತದೆ. ಇವೆಲ್ಲ ತಾತ್ಕಾಲಿಕ. ನಿಜವಾದ ನಷ್ಟ ಆಗುವುದು ಚಳಿಯ ನೆಪದಲ್ಲಿ ನಡಿಗೆ ನಿಂತಾಗ. ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಪ್ರತಿ ಹೆಜ್ಜೆಯ ಹೊಡೆತವೂ ಮಂಡಿಗೇ ಬೀಳುತ್ತದೆ.

ಶಾಖ ಬಿಗಿತವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ಅಷ್ಟೇ. ಆ ಸಡಿಲದಲ್ಲಿ ಕೀಲನ್ನು ಆಡಿಸಿದರೆ ಉಪಯೋಗ. ಶಾಖ ಕೊಟ್ಟು ಮತ್ತೆ ಹೊದ್ದು ಮಲಗಿದರೆ ಅರ್ಧ ಗಂಟೆಯಲ್ಲಿ ಮೊದಲಿನಂತೆಯೇ. ಹಾಗಾಗಿ ಶಾಖದ ಹೊತ್ತು ರಾತ್ರಿಯಲ್ಲ, ಬೆಳಿಗ್ಗೆ ಏಳುವ ಮುಂಚೆ.

ಬ್ಯಾಗಿಗೆ ಕುದಿಯುವ ನೀರು ಬೇಡ. ಮೂರರಲ್ಲಿ ಎರಡು ಭಾಗ ಬಿಸಿನೀರು ತುಂಬಿಸಿ, ಒತ್ತಿ ಗಾಳಿ ಹೊರಡಿಸಿ ಮುಚ್ಚಳ ಬಿಗಿಮಾಡಿ, ಟವೆಲ್ ಸುತ್ತಿ. ಅಮ್ಮನ ಕಾಲಿನ ಸ್ಪರ್ಶವನ್ನು ನಂಬದೆ ನೀವೇ ನಿಮ್ಮ ಮುಂಗೈಗೆ ಒತ್ತಿ ಪರೀಕ್ಷಿಸಿ. ಮಂಡಿಯ ಮೇಲೆ 15ರಿಂದ 20 ನಿಮಿಷ ಸಾಕು, ನಡುವೆ ಒಮ್ಮೆ ಎತ್ತಿ ಚರ್ಮ ನೋಡಿ. ಪಾದದಲ್ಲಿ ಜೋಮು, ಉರಿ ಈಗಾಗಲೇ ಇದ್ದರೆ ಬ್ಯಾಗಿನ ಬದಲು ಉಣ್ಣೆಯ ಮಂಡಿಪಟ್ಟಿಯೇ ಕ್ಷೇಮ.

ಬ್ಯಾಗ್ ತೆಗೆದ ಕೂಡಲೇ, ಹಾಸಿಗೆಯಲ್ಲೇ, ಈ ಕ್ರಮದಲ್ಲಿ:

1. ಪಾದವನ್ನು ಮೇಲೆ ಕೆಳಗೆ ಆಡಿಸುವುದು, 20 ಸಲ.
2. ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿಕೊಂಡೇ ಮೈಕಡೆಗೆ ಜಾರಿಸಿ ಮತ್ತೆ ಚಾಚುವುದು, ಒಂದೊಂದು ಕಾಲಿಗೆ 10 ಸಲ.
3. ಸುರುಳಿ ಸುತ್ತಿದ ಟವೆಲ್ ಮಂಡಿಯ ಕೆಳಗಿಟ್ಟು, ಅದನ್ನು ಮಂಡಿಯಿಂದ ಕೆಳಗೆ ಒತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ. ಮುಗಿದ ಮೇಲೆ ಟವೆಲ್ ತೆಗೆದುಬಿಡಿ.
4. ಮಂಚದ ಅಂಚಿನಲ್ಲಿ ಕೂತು ಕಾಲನ್ನು ನೇರ ಚಾಚಿ 5 ಸೆಕೆಂಡ್ ಹಿಡಿದು ಇಳಿಸುವುದು, 10 ಸಲ.

ಬಿಪಿ ಇರುವುದರಿಂದ ಉಸಿರು ಕಟ್ಟಬಾರದು. ಬಾಯಿಬಿಟ್ಟು ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಆಡುತ್ತದೆ. ಇದೆಲ್ಲ ಆದ ಮೇಲೆ ಎದ್ದು ನಿಲ್ಲಲಿ, ಒಂದು ನಿಮಿಷ ನಿಂತು ಆಮೇಲೆ ಹೆಜ್ಜೆ.

ಉತ್ತರ (ಬೆರಳು_ಗಿಣ್ಣು)

ಮೇಲಿನ ಉತ್ತರಕ್ಕೆ ಬೆರಳುಗಳ ವಿಷಯ ಸೇರಿಸುತ್ತೇನೆ. ಹಿತವಾದ ಬಿಸಿನೀರಿನಲ್ಲಿ ಎರಡೂ ಕೈ 10 ನಿಮಿಷ ಮುಳುಗಿಸಿ, ನೀರಿನೊಳಗೇ ಬೆರಳು ಆಡಿಸಲಿ. ಮೊದಲು ಬೆರಳು ನೇರ, ಆಮೇಲೆ ತುದಿಯ ಎರಡು ಗಿಣ್ಣು ಮಾತ್ರ ಮಡಚಿ ಕೊಕ್ಕೆಯಾಕಾರ, ಮತ್ತೆ ನೇರ, ಆಮೇಲೆ ಪೂರ್ತಿ ಮುಷ್ಟಿ. ಕೊನೆಗೆ ಹೆಬ್ಬೆರಳಿನಿಂದ ಪ್ರತಿ ಬೆರಳಿನ ತುದಿ ಮುಟ್ಟುವುದು. ಇದು 5ರಿಂದ 10 ಸುತ್ತು. ಮುಷ್ಟಿಯನ್ನು ಬಲವಾಗಿ ಹಿಸುಕುವುದು ಬೇಡ. ಗಟ್ಟಿ ರಬ್ಬರ್ ಚೆಂಡು ಹಿಸುಕುವುದು ಎಲ್ಲರಿಗೂ ಒಗ್ಗುವುದಿಲ್ಲ, ಹೆಬ್ಬೆರಳ ಬುಡದಲ್ಲಿ ಸವೆತ ಇದ್ದರೆ ನೋವು ಏರುತ್ತದೆ.

ನೀರಿನಿಂದ ತೆಗೆದ ಕೂಡಲೇ ಚೆನ್ನಾಗಿ ಒರೆಸಿ ಕೈಗವಸು ಹಾಕಿ. ಒದ್ದೆ ಚರ್ಮ ಬೇಗ ತಣ್ಣಗಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ.

ಅನೇಕರು ಮರೆಯುವ ಮಾತು: ಎದೆ, ಹೊಟ್ಟೆ ತಣ್ಣಗಿದ್ದರೆ ಎಷ್ಟು ದಪ್ಪ ಕೈಗವಸು ಹಾಕಿದರೂ ಬೆರಳು ಬೆಚ್ಚಗಾಗುವುದಿಲ್ಲ. ದೇಹ ಒಳಗಿನ ಶಾಖ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಸಂಕುಚಿಸುತ್ತದೆ. ಮೈಗೆ ಒಂದು ದಪ್ಪ ಉಡುಪಿಗಿಂತ ತೆಳುವಾದ ಎರಡು ಮೂರು ಪದರ ಮೇಲು, ಪದರಗಳ ನಡುವಿನ ಗಾಳಿ ಬೆಚ್ಚಗಿಡುತ್ತದೆ. ಮಂಡಿಪಟ್ಟಿ ಬಿಗಿಯಾಗಿರಬಾರದು, ಕೆಳಗೆ ಪಾದ ಊದಿದರೆ, ಚರ್ಮದಲ್ಲಿ ಆಳವಾದ ಗುರುತು ಬಿದ್ದರೆ ಅಳತೆ ಚಿಕ್ಕದಾಯಿತು ಎಂದರ್ಥ. ಮಲಗುವಾಗ ಕಳಚಿಡಿ.

ಚಳಿಗೆ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತಿದೆಯೇ ಗಮನಿಸಿ. ಹಾಗಿದ್ದರೆ ಅದು ರೇನಾಡ್ಸ್, ಅಂದರೆ ಚಳಿಗೆ ಬೆರಳಿನ ರಕ್ತನಾಳಗಳು ವಿಪರೀತ ಸಂಕುಚಿಸುವ ತೊಂದರೆ, ಇರಬಹುದು, ವೈದ್ಯರಿಗೆ ತಿಳಿಸಬೇಕು.

ಪ್ರಶ್ನೆ ಕೇಳಿದವರು (ಚಳಿಗಾಲ_64)

ತುಂಬಾ ಧನ್ಯವಾದ. ಇನ್ನೆರಡು ಸಂದೇಹ. ವ್ಯಾಯಾಮ ಮಾಡುವಾಗ ನೋವಾದರೆ ನಿಲ್ಲಿಸಬೇಕೇ? ಜೆಲ್ ಸಾಲದೆ ಹೋದರೆ ನೋವಿನ ಮಾತ್ರೆ ಕೊಡಬಹುದೇ?

ಉತ್ತರ (ಕೀಲುಚಲನೆ)

ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಲು ಹೇಳಿ. ಮಾಡುವಾಗ ಎರಡು ಮೂರರಷ್ಟು ನೋವು ಇದ್ದು, ಮರುದಿನ ಬೆಳಿಗ್ಗೆ ಮಂಡಿ ಎಂದಿನಂತಿದ್ದರೆ ಮುಂದುವರಿಸಿ. ಮರುದಿನ ಊತ ಬಂದರೆ ಅಥವಾ ನೋವು ಏರಿಯೇ ಇದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಒಂದು ವಾರದ ನಂತರ ಕುರ್ಚಿಯಿಂದ ಏಳುವ ವ್ಯಾಯಾಮ ಸೇರಿಸಿ: ಕೈ ಊರದೆ ಎದ್ದು, ಮೂರು ಎಣಿಸುತ್ತಾ ನಿಧಾನವಾಗಿ ಕೂರುವುದು. 5ರಿಂದ ಶುರುಮಾಡಿ 10ಕ್ಕೆ. ಏಳಲು ಕಷ್ಟವಾದರೆ ಕುರ್ಚಿಗೆ ದಪ್ಪ ದಿಂಬು ಹಾಕಿ ಎತ್ತರಿಸಿ. ಮಂಡಿಗಳು ಒಳಗೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ನಡಿಗೆ ಮನೆಯೊಳಗೇ ಆದರೂ ಸರಿ, 5 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಭಂಗಿಯಲ್ಲಿ ಕೂರಲು ಬಿಡಬೇಡಿ.

ಉತ್ತರ (ಔಷಧಿ_ಅಳತೆ)

ಮಾತ್ರೆಯ ಬಗ್ಗೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಬಿಪಿ ಏರಿಸುತ್ತವೆ, ಬಿಪಿ ಔಷಧಿಯ ಪರಿಣಾಮ ತಗ್ಗಿಸುತ್ತವೆ, ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ, ಹೊಟ್ಟೆಹುಣ್ಣಿನ ಭಯ ಬೇರೆ. ಈ ವಯಸ್ಸಿಗೆ ಜೆಲ್ಲೇ ಮೊದಲ ಆಯ್ಕೆ, ಏಕೆಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಆದರೆ ಬಟಾಣಿಯಷ್ಟು ಹಚ್ಚಿ "ಕೆಲಸ ಮಾಡುತ್ತಿಲ್ಲ" ಎನ್ನುವವರೇ ಹೆಚ್ಚು. ಶೇಕಡಾ 1ರ ಡೈಕ್ಲೋಫೆನಾಕ್ ಜೆಲ್ ಆದರೆ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ಒಂದು ಕೈಗೆ 2 ಗ್ರಾಂ ವರೆಗೆ, ದಿನಕ್ಕೆ 4 ಸಲ ಮೀರದಂತೆ. ಬೇರೆ ಪ್ರಮಾಣದ ಜೆಲ್‌ಗೆ ಲೆಕ್ಕ ಬೇರೆ, ಪೊಟ್ಟಣದ ಚೀಟಿ ನೋಡಿ. ಮಂಡಿಯ ಮುಂದೆ ಮಾತ್ರವಲ್ಲ, ಸುತ್ತಲೂ ಹಚ್ಚಬೇಕು. ಹಚ್ಚಿ ಒಂದು ಗಂಟೆ ಸ್ನಾನ ಬೇಡ. ಬೆರಳಿಗೆ ಹಚ್ಚಿದ್ದರೆ ಒಂದು ಗಂಟೆ ಕೈ ತೊಳೆಯಬಾರದು, ಕಣ್ಣು ಮುಟ್ಟಬಾರದು. ಹಾಗಾಗಿ ಬೆಳಿಗ್ಗೆ ಶಾಖ, ವ್ಯಾಯಾಮ, ಸ್ನಾನ ಮುಗಿದು ಚರ್ಮ ತಣ್ಣಗಾಗಿ ಒಣಗಿದ ಮೇಲೆ ಜೆಲ್.

ಉತ್ತರ (ಬೆರಳು_ಗಿಣ್ಣು)

ಇನ್ನು ಬಿಗಿತದ ಅವಧಿಯ ಮೇಲೆ ಕಣ್ಣಿಡಿ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆ ದಾಟಿಯೂ ಬಿಡದೆ, ಎರಡೂ ಕೈಗಳ ಬುಡದ ಗಿಣ್ಣುಗಳು, ಮಣಿಕಟ್ಟು ಊದಿಕೊಂಡು, ಹೀಗೆ ವಾರಗಟ್ಟಲೆ ನಡೆದರೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ವಾತ) ಇದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಬೇಗ ಔಷಧಿ ಶುರುಮಾಡದಿದ್ದರೆ ಕೀಲು ಶಾಶ್ವತವಾಗಿ ಕೆಡುತ್ತದೆ. ಒಂದೇ ಕೀಲು ದಿಢೀರನೆ ಕೆಂಪಾಗಿ, ಬಿಸಿಯಾಗಿ, ಊದಿ, ಜ್ವರವೂ ಬಂದರೆ ಶಾಖವೂ ಬೇಡ, ಕಾಯುವುದೂ ಬೇಡ. ಕೀಲಿನೊಳಗೆ ಸೋಂಕು ಇರಬಹುದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಗೋಡೆ ಹಿಡಿದು ನಡೆಯುವ ಬದಲು ಒಂದು ಊರುಗೋಲು ಕೊಡಿ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿ ಬರಬೇಕು. ಎಡ ಮಂಡಿಗೆ ಹೆಚ್ಚು ತೊಂದರೆ ಎಂದಿದ್ದೀರಿ, ಹಾಗಾದರೆ ಕೋಲು ಬಲಗೈಯಲ್ಲಿ. ಕೋಲೂ ಎಡಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಕೋಲು ಮತ್ತು ಎಡಗಾಲು ಮೊದಲು.