ಬೋರ್ಡ್ ಬದಲಿಸುವ ಮೊದಲು ಜಾಲರಿ ನೋಡಿ

ಸದಾಶಿವಗಡದಿಂದ:
ನಮ್ಮದು ಆರು ವರ್ಷದ ಟಾಪ್ ಲೋಡ್ (ಮೇಲಿಂದ ಬಟ್ಟೆ ಹಾಕುವ) ವಾಷಿಂಗ್ ಮೆಷಿನ್. ಸ್ಟಾರ್ಟ್ ಒತ್ತಿದರೆ ಗುಂಯ್ ಎನ್ನುತ್ತದೆ, ನೀರು ಮಾತ್ರ ಬೀಳುವುದಿಲ್ಲ. ಸ್ವಲ್ಪ ಹೊತ್ತಿಗೆ ‘ಐಇ’ (ನೀರು ಬರುತ್ತಿಲ್ಲ ಎಂಬ ಸೂಚನೆ) ಎಂದು ತೋರಿಸಿ ನಿಂತುಬಿಡುತ್ತದೆ. ರಿಪೇರಿಗೆ ನೋಡಲು ಬಂದವರು ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಎಂದರು. ಮನೆಯಲ್ಲಿ ನಾನು, ಅತ್ತೆ, ಎಂಟು ತಿಂಗಳ ಮಗು. ಹೊರಗೆ ಬಿಡದ ಮಳೆ. ಯಾರಿಗಾದರೂ ಹೀಗಾಗಿತ್ತಾ?

ಶಿರಸಿಯಿಂದ:
ಅಕ್ಕಾ, ಬೋರ್ಡ್‌ಗೆ ದುಡ್ಡು ಕೊಡಬೇಡಿ, ಒಂದು ದಿನ ತಡೆಯಿರಿ. ನೀರು ಬಿಡುವ ವಾಲ್ವ್‌ಗೆ ಕರೆಂಟ್ ಹೋದಾಗ ಆ ಗುಂಯ್ ಶಬ್ದ ಬರುತ್ತದೆ. ಅಂದರೆ ಬೋರ್ಡ್ ಬಹುಶಃ ಸರಿಯಾಗಿಯೇ ಇದೆ, ನೀರಿಗೆ ಎಲ್ಲೋ ತಡೆ ಇದೆ. ಶಬ್ದವೇ ಇಲ್ಲದಿದ್ದರೆ ಮುಚ್ಚಳದ ಲಾಕ್, ವಾಲ್ವ್‌ನ ಕಾಯಿಲ್ (ಅದನ್ನು ತೆರೆಯುವ ತಂತಿ ಸುರುಳಿ), ಬೋರ್ಡ್ ಇವನ್ನು ಅನುಮಾನಿಸಬೇಕಿತ್ತು.

ನಮ್ಮ ಮನೆಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುತ್ತದೆ. ಕಳೆದ ಮಳೆಗಾಲ ಇದೇ ಕಥೆ ಆಯಿತು. ಪ್ಲಗ್ ತೆಗೆದು, ನಲ್ಲಿ ಬಂದ್ ಮಾಡಿ, ಮೆಷಿನ್ ಹಿಂದಿನ ಪೈಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಕೆಳಗೆ ಹಳೇ ಬಟ್ಟೆ ಹಾಸಿಕೊಳ್ಳಿ, ಒಂದಿಷ್ಟು ನೀರು ಬೀಳುತ್ತದೆ. ವಾಲ್ವ್‌ನ ಬಾಯಲ್ಲಿ ಎಂಟಾಣೆ ನಾಣ್ಯದಷ್ಟು ಅಗಲದ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ನಮ್ಮದರಲ್ಲಿ ತೂತೇ ಕಾಣುತ್ತಿರಲಿಲ್ಲ. ಕೆಂಪು ಕೆಸರು ಬೆಣ್ಣೆ ಸವರಿದ ಹಾಗೆ ಕೂತಿತ್ತು, ನಡುವೆ ಅಡಿಕೆ ಸಿಂಗಾರದ ಎರಡು ಚೂರು. ಜಾಲರಿಯ ನಡುವೆ ಚಿಕ್ಕ ಹಿಡಿ ಇದೆ, ಇಕ್ಕುಳದಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ಲಿಂಬು ರಸ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ಬಿಟ್ಟು, ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ.

ಕೆಲವರು ರಗಳೆಯೇ ಬೇಡ ಎಂದು ಜಾಲರಿ ತೆಗೆದೇ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮರಳಿನ ಕಣ ವಾಲ್ವ್ ಒಳಗೆ ಸಿಕ್ಕಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮೆಷಿನ್ ಆಫ್ ಇದ್ದರೂ ನೀರು ತುಂಬುತ್ತಲೇ ಇರುತ್ತದೆ.

ಕುಮಟಾದಿಂದ:
ಜಾಲರಿ ಚೊಕ್ಕ ಇದ್ದರೆ ಟ್ಯಾಂಕಿನ ಎತ್ತರ ನೋಡಿ. ನಮ್ಮದು ಹಂಚಿನ ಮನೆ, ಮಾಡಿನ ಮೇಲೆ ಟ್ಯಾಂಕ್ ಇಡಲು ಆಗುವುದಿಲ್ಲ. ಬಚ್ಚಲಮನೆಯ ಸ್ಲ್ಯಾಬ್ ಮೇಲೆ ಇಟ್ಟಿದ್ದೆವು. ಬಕೆಟ್ಟಿಗೆ ನೀರು ಬರುತ್ತಿತ್ತು, ಮೆಷಿನ್‌ಗೆ ಮಾತ್ರ ಇಲ್ಲ. ನೀರಿಗೆ ಒತ್ತಡ ಇಲ್ಲದಿದ್ದರೆ ಎಷ್ಟೋ ವಾಲ್ವ್‌ಗಳು ತೆರೆಯುವುದೇ ಇಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ನಮ್ಮ ಟ್ಯಾಂಕ್ ಮೆಷಿನ್‌ಗಿಂತ ಒಂದೂವರೆ ಮೀಟರ್ ಮೇಲಿತ್ತು ಅಷ್ಟೇ, ಅಂದರೆ 0.15 ಬಾರ್. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಎತ್ತರಿಸಿದ ಮೇಲೆ ಸರಿಯಾಯಿತು. ನಿಮ್ಮ ಮೆಷಿನ್‌ಗೆ ಎಷ್ಟು ಒತ್ತಡ ಬೇಕೆಂದು ಜೊತೆಗೆ ಬಂದ ಪುಸ್ತಕದಲ್ಲಿ ಇರುತ್ತದೆ.

ಅಲ್ಲಿಯವರೆಗೆ ಮಗುವಿನ ಬಟ್ಟೆ ನಿಲ್ಲಿಸಬೇಡಿ. ಟಾಪ್ ಲೋಡ್ ಅಲ್ವಾ, ಬಕೆಟ್ಟಿನಿಂದ ನೇರ ಡ್ರಮ್ಮಿಗೆ ನೀರು ಹಾಕಿ. ಮಟ್ಟ ಬಂದ ಕೂಡಲೇ ಅದೇ ತಿರುಗಲು ಶುರು ಮಾಡುತ್ತದೆ. ಜಾಲಿಸುವಾಗ ಮತ್ತೆ ಹಾಕಬೇಕು.

ಸದಾಶಿವಗಡದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅತ್ತೆ ಟಾರ್ಚ್ ಹಿಡಿದರು, ನಾನು ಬಿಚ್ಚಿದೆ. ಮೆಷಿನ್ ಕಡೆಯ ಜಾಲರಿಯಲ್ಲಿ ಹೆಚ್ಚೇನೂ ಇರಲಿಲ್ಲ. ಹೆದರಿಕೆಯಾಯಿತು. ಆಮೇಲೆ ಪೈಪಿನ ನಲ್ಲಿ ಕಡೆಯ ತುದಿ ಬಿಚ್ಚಿದರೆ, ವಾಷರ್ ಜೊತೆ ಅಲ್ಲೊಂದು ಜಾಲರಿ! ಅದರ ತುಂಬ ನಲ್ಲಿಯ ಒಳಗಿಂದ ಉದುರಿದ ತುಕ್ಕಿನ ಹಕ್ಕಳೆ. ನಿಮ್ಮ ಮೆಷಿನ್‌ಗಳಲ್ಲೂ ಎರಡೂ ತುದಿ ನೋಡಿ. ತೊಳೆದು ಹಾಕಿದೆ, ಸ್ಟಾರ್ಟ್ ಒತ್ತಿದ ಕೂಡಲೇ ಸರ್ರನೆ ನೀರು ಬಂತು. ಮೂರು ದಿನದ ಲಂಗೋಟಿ ಎಲ್ಲ ಈಗ ಒಳಗೆ ತಿರುಗುತ್ತಿವೆ.