ಅಪ್‌ಡೇಟ್: ಅಪ್ಪನ ಕ್ಯಾಮೆರಾದ ಕಿತ್ತಳೆ ಗೆರೆ ಹೋಯಿತು

ಹೋದ ತಿಂಗಳು ಕೇಳಿದ್ದೆನಲ್ಲ, ಅಪ್ಪನ ಹಳೇ 35 ಎಂಎಂ ಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಫಿಲ್ಮ್ ಕ್ಯಾಮೆರಾ) ತೆಗೆದ ಕಲರ್ ಫೋಟೋಗಳ ಅಂಚಲ್ಲಿ ಕಿತ್ತಳೆ ಗೆರೆ ಯಾಕೆ ಬರುತ್ತಿದೆ ಅಂತ. ನೀವು ಹೇಳಿದ್ದೇ ಸರಿ. ಶಟರ್ ಪರದೆಯಲ್ಲಿ (ಫಿಲ್ಮ್ ಮೇಲೆ ಬೆಳಕು ಬೀಳಲು ಕ್ಷಣಕಾಲ ಸರಿಯುವ ಪರದೆ) ತೂತಿರಲಿಲ್ಲ, ಹಿಂಬಾಗಿಲಿನ ಸುತ್ತ ಇರುವ ಫೋಮ್ ಹಾಳಾಗಿ ಟಾರಿನ ಹಾಗೆ ಅಂಟಂಟಾಗಿತ್ತು, ಬೆಳಕು ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ, ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು, ಆ ಸಣ್ಣ ಸಂದನ್ನು ಪೂರ್ತಿ ಸ್ವಚ್ಛ ಮಾಡಲು ಎರಡು ಸಂಜೆ ಹಿಡಿಯಿತು. ಶಟರ್ ಪರದೆಗೆ ಒಂದು ಹನಿಯೂ ತಾಗಿಸಲಿಲ್ಲ. ಹೊಸ ಫೋಮ್ ಪಟ್ಟಿ ಅಂಟಿಸಿದೆ. ಕನ್ನಡಿ ಬಡಿಯುವ ಜಾಗದ್ದನ್ನೂ ಬದಲಿಸಿದೆ.

ನಿನ್ನೆ 36 ಫೋಟೋಗಳ ರೋಲ್ ಡೆವಲಪ್ ಆಗಿ ಬಂತು. ಒಂದರಲ್ಲೂ ಗೆರೆ ಇಲ್ಲ! ಆದರೆ 1/1000 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದವು ಒಂದು ಬದಿ ಕಪ್ಪಾಗಿವೆ. ಶಟರ್‌ನ ಎರಡು ಪರದೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ, ಅಲ್ವಾ? ಸದ್ಯಕ್ಕೆ 1/500ಕ್ಕಿಂತ ಜಾಸ್ತಿ ಹೋಗುತ್ತಿಲ್ಲ.