ಪದಚರ್ಚೆ: ಹಾವಿನ ಚಿತ್ರವುಳ್ಳ ನಾಣ್ಯಗಳ ವರ್ಣನೆಗೆ ಕನ್ನಡ ಪದಗಳು

ಮಾನ್ಯರೇ,

ಹಾವಿನ ಚಿತ್ರವಿರುವ ಹಳೆಯ ಮತ್ತು ಹೊಸ ನಾಣ್ಯಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಇಂತಹ ನಾಣ್ಯಗಳನ್ನು ಪರಿಚಯಿಸುವ ವಿವರಣಾಪಟ್ಟಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದು, ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಇಡೀ ವರ್ಗದ ಹೆಸರು. 'ನಾಗನಾಣ್ಯ' ಎಂಬ ಸಮಾಸ ಕಿವಿಗೆ ಹಿತವಾಗಿದ್ದರೂ ಅದು ಸಲ್ಲದೆಂದು ನನಗೆ ತೋರುತ್ತದೆ. ಏಕೆಂದರೆ ನಾಣ್ಯಗಳನ್ನು ಬಲ್ಲವರು ನಾಗರ ನಾಣ್ಯಗಳೆಂದಾಗ, ಗ್ವಾಲಿಯರ್ ಸೀಮೆಯ ಪದ್ಮಾವತಿ (ಇಂದಿನ ಪವಾಯ) ಮೊದಲಾದ ಕಡೆಗಳಿಂದ ಆಳಿದ ನಾಗವಂಶದ ಅರಸರ ನಾಣ್ಯಗಳೆಂದೇ ಅರ್ಥ. ಸಮುದ್ರಗುಪ್ತನು ನಿರ್ಮೂಲ ಮಾಡಿದ ಅರಸರ ಸಾಲಿನಲ್ಲಿ ಅಲಹಾಬಾದ್ ಸ್ತಂಭಶಾಸನವು ಹೆಸರಿಸುವ ಗಣಪತಿನಾಗನು ಈ ವಂಶದವನು. ಅವನ ಪುಟ್ಟ ತಾಮ್ರದ ನಾಣ್ಯಗಳ ಒಂದು ಬದಿಯಲ್ಲಿ 'ಮಹಾರಾಜ ಶ್ರೀ ಗಣೇಂದ್ರ' ಎಂಬ ಬ್ರಾಹ್ಮೀ ಬರಹವಿದೆ, ಇನ್ನೊಂದು ಬದಿಯಲ್ಲಿ ಗೂಳಿಯಿದೆ. ಹಾವು ಮಾತ್ರ ಇಲ್ಲ. ಇದಕ್ಕೆ ಪ್ರತಿಯಾಗಿ, ನಾಗರೊಡನೆ ಹೆಸರಿನ ನಂಟೇ ಇಲ್ಲದ, ಹಿಮಾಲಯದ ತಪ್ಪಲಿನ ಪ್ರಾಚೀನ ಕುಣಿಂದರ ಅರಸ ಅಮೋಘಭೂತಿಯ ಬೆಳ್ಳಿ ನಾಣ್ಯದಲ್ಲಿ, ಲಕ್ಷ್ಮಿಯ ಬಳಿ ನಿಂತ ಜಿಂಕೆಯ ತಲೆಯ ಮೇಲಿನ ಗುರುತನ್ನು ಎರಡು ನಾಗರಹಾವುಗಳೆಂದು ವರ್ಣಿಸುವುದುಂಟು. ಹೀಗಿರುವಾಗ 'ನಾಗನಾಣ್ಯ' ಎಂದು ಬರೆದರೆ ಬೇಕಾದದ್ದು ಹೊರಗುಳಿದು ಬೇಡವಾದದ್ದು ಒಳಬರುತ್ತದೆ.

ಚಿತ್ರದಿಂದ ನಾಣ್ಯಕ್ಕೆ ಹೆಸರು ಬರುವುದು ನಮ್ಮಲ್ಲಿ ಹೊಸದೇನಲ್ಲ. ವರಾಹವೆಂಬ ಹೆಸರು ಹಾಗೆ ಬಂದದ್ದು. ಮೈಸೂರಿನ ಆನೆಕಾಸೂ ಹಾಗೆಯೇ. ಅದೇ ದಾರಿಯಲ್ಲಿ 'ಹಾವುಕಾಸು' ಎನ್ನಬಹುದು, ಬಿಡಿಗಾಸು ಪುಡಿಗಾಸುಗಳಂತೆ 'ಹಾವುಗಾಸು' ಎಂದರೂ ನಡೆದೀತು. ಆದರೆ ಕಾಸು ಎಂದೊಡನೆ ಅಲ್ಪಬೆಲೆಯ ತಾಮ್ರದ ನಾಣ್ಯವೇ ಕಣ್ಣಮುಂದೆ ಬರುವುದರಿಂದ ಬೆಳ್ಳಿಯ ದೊಡ್ಡ ನಾಣ್ಯಗಳಿಗೆ ಅದು ಒಪ್ಪುವುದಿಲ್ಲ. ಸದ್ಯಕ್ಕೆ ನಾನು 'ಹಾವಿನ ನಾಣ್ಯ' ಎಂದೇ ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆ ಒಂದೇ ಒಂದು ನಾಣ್ಯಕ್ಕೆ ಸಂಬಂಧಿಸಿದ್ದು, ನನಗೆ ಮುಖ್ಯವಾದದ್ದೂ ಇದೇ. ಏಷ್ಯಾ ಮೈನರಿನ ಪೆರ್ಗಮಾನ್ ರಾಜ್ಯದ ಅತ್ತಾಲಿದ್ ಅರಸರು ಕ್ರಿ.ಪೂ. 2ನೆಯ ಶತಮಾನದಲ್ಲಿ ಹೊರಡಿಸಿದ ಈ ಬೆಳ್ಳಿ ನಾಣ್ಯವನ್ನು 'ಕಿಸ್ತೊಫೊರಸ್' ಎನ್ನುತ್ತಾರೆ; 'ಕಿಸ್ತೆಯನ್ನು (ಮುಚ್ಚಳವುಳ್ಳ ಒಂದು ಬಗೆಯ ಪಾತ್ರೆಯನ್ನು) ಹೊತ್ತದ್ದು' ಎಂದು ಅದರ ಅರ್ಥ. ತೂಕ ಸುಮಾರು 12.6 ಗ್ರಾಂ. ಹೆಸರಿಗೆ ನಾಲ್ಕು ದ್ರಾಖ್ಮೆಯದಾದರೂ (ದ್ರಾಖ್ಮೆ ಗ್ರೀಕರ ನಾಣ್ಯಮಾನ), ಅಥೆನ್ಸಿನ ತೂಕದ ಸುಮಾರು 17 ಗ್ರಾಮಿನ ನಾಲ್ಕು ದ್ರಾಖ್ಮೆಯ ನಾಣ್ಯಕ್ಕಿಂತ ಇದು ಹಗುರ. ಮೂರನೆಯ ಅತ್ತಾಲಸನು ಕ್ರಿ.ಪೂ. 133ರಲ್ಲಿ ರಾಜ್ಯವನ್ನು ರೋಮಿಗೆ ಉಯಿಲು ಬರೆದು ತೀರಿಕೊಂಡ ಮೇಲೂ ಎಫೆಸಸ್ ಮೊದಲಾದ ನಗರಗಳ ಟಂಕಸಾಲೆಗಳು ಇದನ್ನು ಅಚ್ಚುಹಾಕುತ್ತಲೇ ಇದ್ದವು.

ಮುಂಬದಿಯಲ್ಲಿ ಐವಿ ಬಳ್ಳಿಯ ಮಾಲೆಯ ನಡುವೆ, ಮುಚ್ಚಳ ಓರೆಯಾಗಿ ತೆರೆದಿರುವ ಒಂದು ದುಂಡನೆಯ ಹೆಣೆದ ಪಾತ್ರೆಯಿದ್ದು, ಅದರ ಸಂದಿಯಿಂದ ಹಾವೊಂದು ಹೊರಗೆ ಹರಿದು ಬರುತ್ತಿದೆ. ಗ್ರೀಕರ ಮದ್ಯದೇವತೆ ದಿಯೊನಿಸಸ್‌ನ ಗೂಢವ್ರತಗಳಲ್ಲಿ ಪವಿತ್ರ ವಸ್ತುಗಳನ್ನು ಇಡುತ್ತಿದ್ದ ಈ ಪಾತ್ರೆಯೇ ಕಿಸ್ತೆ. ಇದನ್ನು ಕನ್ನಡದಲ್ಲಿ ಏನೆನ್ನಬೇಕು? 'ಬುಟ್ಟಿ' ಎಂದರೆ ರೂಪಕ್ಕೆ ಹೊಂದುತ್ತದೆ, ಆದರೆ ಹಾವೂ ಬುಟ್ಟಿಯೂ ಜೊತೆಗೆ ಬಂದರೆ ನಮ್ಮ ಓದುಗರಿಗೆ ಹಾವಾಡಿಗನೇ ನೆನಪಾಗುತ್ತಾನೆ, ದೇವರ ಸಂಬಂಧ ಕಳೆದುಹೋಗುತ್ತದೆ. 'ಪೆಟ್ಟಿಗೆ' ಎಂದರೆ ಹೆಣಿಗೆಯೂ ದುಂಡಾಕಾರವೂ ಮರೆಯಾಗುತ್ತವೆ. ಸಂಸ್ಕೃತದ 'ಕರಂಡಕ' ಹೆಣೆದ ಬುಟ್ಟಿಯನ್ನೇ ಹೇಳುವ ಪದ. ಭರ್ತೃಹರಿಯ ನೀತಿಶತಕದಲ್ಲಿ ಹಸಿದ ಹಾವು ಮುದುಡಿ ಬಿದ್ದಿರುವುದೂ ಕರಂಡದೊಳಗೇ. ಅದರ ತದ್ಭವವಾದ 'ಕರಡಿಗೆ'ಯಲ್ಲಿ ಪಾವಿತ್ರ್ಯದ ಅರ್ಥವೂ ನೆಲೆಸಿದೆ, ಏಕೆಂದರೆ ಇಷ್ಟಲಿಂಗವನ್ನು ಇಡುವುದು ಕರಡಿಗೆಯಲ್ಲಿ. ಅದೇ ಕಾರಣಕ್ಕೆ ನನಗೆ ಅಳುಕೂ ಇದೆ: ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆಯನ್ನು ದಿನವೂ ಕಾಣುವವರಿಗೆ, ಹಾವು ಹೊರಬರುವ ಗ್ರೀಕರ ಬುಟ್ಟಿಗೆ ಆ ಹೆಸರಿಡುವುದು ಅನುಚಿತವೆನಿಸಬಹುದು. 'ವ್ರತಕರಂಡಕ' ಎಂಬುದು ನನ್ನ ಸಲಹೆ. ಇದಕ್ಕಿಂತ ಹಗುರವಾದ ಪದ ಯಾರಿಗಾದರೂ ಹೊಳೆದರೆ ಸಂತೋಷದಿಂದ ಸ್ವೀಕರಿಸುತ್ತೇನೆ.

ಅದೇ ನಾಣ್ಯದ ಹಿಂಬದಿಯಲ್ಲಿ ಬಿಲ್ಲಿನ ಒರೆಯ ಎರಡು ಬದಿಗಳಲ್ಲಿ ಎರಡು ಹಾವುಗಳು ಬಾಲಗಳನ್ನು ಹೆಣೆದುಕೊಂಡು ತಲೆಯೆತ್ತಿವೆ. ಬಿಲ್ಲು ಬಾಣಗಳೆರಡನ್ನೂ ಇಡುವ ಸಾಧನವಾದ್ದರಿಂದ ಅದನ್ನು 'ಬತ್ತಳಿಕೆ' ಎನ್ನಲಾರೆವು. ಅರಳಿಕಟ್ಟೆಯ ನಾಗರಕಲ್ಲನ್ನು ನೋಡಿ ಬೆಳೆದ ನಾವು ಈ ಚಿತ್ರವನ್ನು ಕಂಡೊಡನೆ 'ಹೆಡೆಯೆತ್ತಿದ ಜೋಡಿನಾಗ' ಎಂದು ಬರೆದುಬಿಡುತ್ತೇವೆ. ಆದರೆ ಇಲ್ಲಿ ಬಿಚ್ಚಿದ ಹೆಡೆಯಿಲ್ಲ. ಹೆಡೆ ನಾಗರಹಾವಿನದು, ಬನವಾಸಿಯ ಐದು ಹೆಡೆಯ ಶಿಲ್ಪವನ್ನು ಅದರ ಮೇಲಿನ ಪ್ರಾಕೃತ ಶಾಸನವೇ 'ನಾಗ' ಎಂದು ಕರೆಯುವುದು ಯುಕ್ತವಾಗಿದೆ. ಹೆಡೆಯಿಲ್ಲದ ಕಡೆ 'ನಾಗ', 'ಫಣಿ' ಎಂಬ ಪದಗಳನ್ನು ಬಿಟ್ಟು 'ಹಾವು', 'ಸರ್ಪ' ಎಂದಷ್ಟೇ ಬರೆಯಬೇಕು, 'ಹೆಡೆಯೆತ್ತಿದ' ಎನ್ನುವ ಬದಲು 'ತಲೆಯೆತ್ತಿದ' ಎನ್ನಬೇಕು ಎಂಬ ನಿಯಮವನ್ನು ಇಟ್ಟುಕೊಂಡಿದ್ದೇನೆ. ಇದು ಅತಿಯಾದ ಬಿಗಿಯೇ?

ಮೆಕ್ಸಿಕೋದ ನಾಣ್ಯಗಳಿಗೂ ಇದೇ ಎಚ್ಚರ ಬೇಕು. 1823ರಿಂದ ಬಂದ ಎಂಟು ರಿಯಾಲಿನ ಬೆಳ್ಳಿ ನಾಣ್ಯದಲ್ಲೂ ಇಂದಿನ ಪೆಸೋದಲ್ಲೂ ಹಾವನ್ನು ಹಿಡಿದಿರುವ ಹಕ್ಕಿಯನ್ನು 'ಗರುಡ' ಎಂದರೆ, ಅಜ್ತೆಕರ ತೆನೋಚ್‌ತಿತ್ಲಾನ್ ನಗರದ ಸ್ಥಾಪನೆಯ ಐತಿಹ್ಯದ ಜಾಗದಲ್ಲಿ ವಿನತೆಯ ಮಗನ ಕಥೆ ಬಂದು ಕೂರುತ್ತದೆ. 'ಹದ್ದು' ಎಂದರೆ ಸಾಕು. ಜೂಲಿಯಸ್ ಸೀಸರನ ದಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯದಲ್ಲಿ ಆನೆ ತುಳಿಯುತ್ತಿರುವುದನ್ನು ಕೆಲವರು ಹಾವೆಂದೂ ಕೆಲವರು ಗಾಲ್ ಜನರ ಯುದ್ಧಕಹಳೆಯೆಂದೂ ಓದುವುದರಿಂದ, ಅಲ್ಲಿ ಎರಡು ಓದುಗಳನ್ನೂ ಕೊಡುತ್ತಿದ್ದೇನೆ.

ಕೊನೆಯದಾಗಿ 'ಬಿಲ್ಲೆ' ಎಂಬ ಪದ. ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ 1818 ಎಂಬ ಇಸವಿಯನ್ನೂ ಹೊತ್ತು, ದೇವರ ಚಿತ್ರಗಳೊಂದಿಗೆ ಮಾರಾಟವಾಗುವ ಲೋಹದ ತುಂಡುಗಳು ಕಂಪನಿಯ ನಾಣ್ಯಗಳಲ್ಲ. ಇವನ್ನು 'ಬಿಲ್ಲೆ' ಎನ್ನುವುದು ಸರಿಯೆಂದು ನಂಬಿದ್ದೇನೆ. ಆದರೆ ಆಸ್ಟ್ರೇಲಿಯಾದ ಪರ್ತ್ ಟಂಕಸಾಲೆಯು ಚೀನೀ ಪಂಚಾಂಗದ ಹಾವಿನ ವರ್ಷಗಳಾದ 2001, 2013 ಮತ್ತು 2025ರಲ್ಲಿ ಹೊರಡಿಸಿದ ಬೆಳ್ಳಿ ತುಣುಕುಗಳು ಕೈಯಿಂದ ಕೈಗೆ ಚಲಾವಣೆಯಾಗದಿದ್ದರೂ ಮುಖಬೆಲೆಯುಳ್ಳ ಕಾನೂನುಬದ್ಧ ನಾಣ್ಯಗಳೇ. ಇವೆರಡರ ನಡುವಿನ ಈ ಭೇದವನ್ನು 'ಬಿಲ್ಲೆ' ಮತ್ತು 'ನಾಣ್ಯ' ಎಂಬ ಪದಗಳು ಕನ್ನಡದ ಓದುಗರಿಗೆ ಸ್ಪಷ್ಟವಾಗಿ ತಿಳಿಸುತ್ತವೆಯೇ, ಅಥವಾ ನಿಮ್ಮ ಭಾಗದಲ್ಲಿ ಬಿಲ್ಲೆ ಎಂದರೆ ನಾಣ್ಯವೆಂಬ ಅರ್ಥವೂ ಬಳಕೆಯಲ್ಲಿದೆಯೇ ಎಂದು ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ